ಮೆಥಡೋನ್, ಬುಪ್ರೆನಾರ್ಫಿನ್, ನಾಲ್ಟ್ರೆಕ್ಸೋನ್: ಓಪಿಯಾಯ್ಡ್ ಅವಲಂಬನೆಗೆ ಯಾವ ಔಷಧ ಯಾರಿಗೆ?

ಹೆರಾಯಿನ್ ಇರಲಿ, ಅಫೀಮು ಇರಲಿ, ಫೆಂಟನಿಲ್ ಇರಲಿ, ನೋವಿಗೆಂದು ಶುರುವಾಗಿ ಬಿಡಲಾಗದೆ ಉಳಿದ ಟ್ರಮಡಾಲ್ ಇರಲಿ, ಕೊಡೀನ್ ಬೆರೆತ ಕೆಮ್ಮಿನ ಸಿರಪ್ ಇರಲಿ, ಇವೆಲ್ಲವೂ ಓಪಿಯಾಯ್ಡ್ ಎಂಬ ಒಂದೇ ಕುಲಕ್ಕೆ ಸೇರಿದವು. ಇವುಗಳ ಅವಲಂಬನೆಗೆ ಚಿಕಿತ್ಸೆ ಕೊಡಲು ವೈದ್ಯರ ಕೈಯಲ್ಲಿರುವ ಪ್ರಮುಖ ಔಷಧಗಳು ಮೂರು: ಮೆಥಡೋನ್, ಬುಪ್ರೆನಾರ್ಫಿನ್ ಮತ್ತು ನಾಲ್ಟ್ರೆಕ್ಸೋನ್. ಮೊದಲಿನ ಎರಡು 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯವಶ್ಯಕ ಔಷಧಗಳ ಪಟ್ಟಿಗೆ ಸೇರಿದವು.

ಮೂರರಲ್ಲಿ ಯಾವುದು ಒಳ್ಳೆಯದು ಎಂದು ನೇರವಾಗಿ ಕೇಳಿದರೆ ಒಳ್ಳೆಯ ಉತ್ತರ ಸಿಗುವುದಿಲ್ಲ. ಕೇಳಬೇಕಾದದ್ದು ಬೇರೆ. ಮೊದಲ ಡೋಸ್‌ಗೆ ಮುನ್ನ ಎಷ್ಟು ಹೊತ್ತು ಏನನ್ನೂ ಸೇವಿಸದೆ ತಡೆದುಕೊಳ್ಳಬೇಕು? ಆಮೇಲೆ ದಿನನಿತ್ಯ ಔಷಧವನ್ನು ಎಲ್ಲಿ, ಹೇಗೆ ತೆಗೆದುಕೊಳ್ಳಬೇಕು? ನಡುವೆ ನಿಂತುಹೋದರೆ ಏನು ಗತಿ? ಈ ಪೈಕಿ ಮೊದಲನೆಯ ಪ್ರಶ್ನೆಯೇ ಅರ್ಧ ತೀರ್ಮಾನ ಮಾಡಿಬಿಡುತ್ತದೆ. ಆದರೂ ಮನೆಯವರು ಮೊದಲು ಕೇಳುವುದು ಅದನ್ನಲ್ಲ. ‘ಇದರಲ್ಲಿ ಚಟ ಹಿಡಿಸದ ಔಷಧ ಯಾವುದು’ ಎಂದು.

ಔಷಧವೇ ಬೇಡ ಎನ್ನುವವರಿಗೆ

ಹೋಲಿಕೆಗೆ ಮುನ್ನ ನಾಲ್ಕನೆಯ ಆಯ್ಕೆಯೊಂದನ್ನು ವಿಚಾರಿಸಿಬಿಡಬೇಕು. ಹತ್ತು ಹದಿನೈದು ದಿನ ಎಲ್ಲಾದರೂ ದಾಖಲಾಗಿ, ಮೈಯಿಂದ ಎಲ್ಲವನ್ನೂ ತೆಗೆಸಿ, ಮನೆಗೆ ಬಂದು ಗಟ್ಟಿ ಮನಸ್ಸಿನಿಂದ ಇರುವುದು. ಬಹಳಷ್ಟು ಕುಟುಂಬಗಳಿಗೆ ಇದೇ ಘನತೆಯ ದಾರಿಯೆನಿಸುತ್ತದೆ. ಉಳಿದ ಮಾರ್ಗಗಳೆಲ್ಲ ಒಂದು ಚಟ ಬಿಡಿಸಿ ಇನ್ನೊಂದನ್ನು ಅಂಟಿಸುವ ಕೆಲಸದಂತೆ ಕಾಣುತ್ತವೆ.

ಇದರ ಫಲ ಏನೆಂದು ಸ್ವೀಡನ್ನಿನ ಸಂಶೋಧಕರು ನೋಡಿದ್ದಾರೆ. 2003ರಲ್ಲಿ ಪ್ರಕಟವಾದ ಆ ಅಧ್ಯಯನ ಚಿಕ್ಕದು, 40 ಮಂದಿಯದು. ಅರ್ಧದಷ್ಟು ಮಂದಿಗೆ ವರ್ಷವಿಡೀ ಬುಪ್ರೆನಾರ್ಫಿನ್ ಕೊಟ್ಟರು. ಉಳಿದರ್ಧಕ್ಕೆ ಅದನ್ನೇ ಆರು ದಿನಗಳಲ್ಲಿ ಇಳಿಸಿ, ನಂತರ ಹುಸಿ ಮಾತ್ರೆ ಕೊಟ್ಟರು. ಆಪ್ತಸಲಹೆ ಮತ್ತು ಗುಂಪು ಚಿಕಿತ್ಸೆ ಇಬ್ಬರಿಗೂ ಇತ್ತು. ವರ್ಷದ ಕೊನೆಗೆ ಔಷಧ ಪಡೆದವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಚಿಕಿತ್ಸೆಯಲ್ಲಿ ಉಳಿದಿದ್ದರು. ಹುಸಿ ಮಾತ್ರೆಯ ಗುಂಪಿನಲ್ಲಿ ಒಬ್ಬರೂ ಉಳಿದಿರಲಿಲ್ಲ, ನಾಲ್ವರು ತೀರಿಕೊಂಡಿದ್ದರು.

ನೋವಿನ ಮಾತ್ರೆಗಳಿಂದ ಸಿಕ್ಕಿಕೊಂಡವರ ಕಥೆಯೂ ಹೆಚ್ಚು ಭಿನ್ನವಲ್ಲ. ಅಮೆರಿಕದಲ್ಲಿ ಇಂಥ 653 ಮಂದಿಯ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬುಪ್ರೆನಾರ್ಫಿನ್ ಕೊಟ್ಟು ಬೇಗ ಇಳಿಸಿದ ಮೊದಲ ಹಂತದಲ್ಲಿ ಚೇತರಿಸಿಕೊಂಡವರು ಶೇ 6.6. ಮತ್ತೆ ಬಿದ್ದವರಿಗೆ 12 ವಾರ ಸತತವಾಗಿ ಕೊಟ್ಟಾಗ ಆ ಪ್ರಮಾಣ ಶೇ 49.2ಕ್ಕೆ ಏರಿತು. ಔಷಧ ನಿಲ್ಲಿಸಿ ಎಂಟು ವಾರ ಕಳೆದಾಗ ಶೇ 8.6ಕ್ಕೆ ಕುಸಿಯಿತು. ‘ನಮ್ಮ ಹುಡುಗನದು ಬರೀ ಮಾತ್ರೆ, ಹೆರಾಯಿನ್ ಅಲ್ಲ, ಅವನಿಗೆ ಇಷ್ಟೆಲ್ಲ ಬೇಡ’ ಎನ್ನುವವರು ಈ ಮೂರು ಅಂಕಿಗಳನ್ನು ಒಮ್ಮೆ ಸಾಲಾಗಿ ಓದಬೇಕು.

ಸಾವಿಗೆ ಕಾರಣ ಮನಸ್ಸಿನ ದೌರ್ಬಲ್ಯವಲ್ಲ, ಶರೀರದ ಲೆಕ್ಕಾಚಾರ. ದಿನವೂ ಓಪಿಯಾಯ್ಡ್ ಸೇವಿಸುವ ದೇಹ ಅದನ್ನು ತಾಳಿಕೊಳ್ಳಲು ಕಲಿತಿರುತ್ತದೆ. ಕೆಲವು ವಾರ ಬಿಟ್ಟಿದ್ದರೆ ಆ ತಾಳಿಕೆ ಹೋಗುತ್ತದೆ, ಆದರೆ ಹಂಬಲ ಹೋಗಿರುವುದಿಲ್ಲ. ಹಳೆಯ ಲೆಕ್ಕದಲ್ಲೇ ಒಮ್ಮೆ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಆಸ್ಪತ್ರೆಯಿಂದ, ಪುನರ್ವಸತಿ ಕೇಂದ್ರದಿಂದ, ಜೈಲಿನಿಂದ ಹೊರಬಂದ ಮೊದಲ ವಾರಗಳು ಅಪಾಯಕಾರಿಯಾಗುವುದು ಹೀಗೆ. ಆದ್ದರಿಂದ ಬರೀ ಮೈ ಶುದ್ಧಿ ಮಾಡಿ ಕಳುಹಿಸುವುದನ್ನು ನಾನು ಈ ಹೋಲಿಕೆಯಲ್ಲಿ ಸಮಾನ ಆಯ್ಕೆಯೆಂದು ಪರಿಗಣಿಸುವುದಿಲ್ಲ.

ಹಾಗಾದರೆ ಇದು ಚಟದ ಬದಲಿಗೆ ಚಟವೇ? ಮೆಥಡೋನ್, ಬುಪ್ರೆನಾರ್ಫಿನ್ ನಿಲ್ಲಿಸಿದರೆ ದೇಹ ನರಳುತ್ತದೆ ಎನ್ನುವುದು ನಿಜ. ಆ ಮಟ್ಟಿಗೆ ಅವಲಂಬನೆ ಇದ್ದೇ ಇದೆ. ಆದರೆ ಮುಂದಿನ ಡೋಸ್ ಹುಡುಕಿಕೊಂಡು ಅಲೆಯುವುದು, ಸುಳ್ಳು, ಸಾಲ, ಹಂಚಿಕೊಂಡ ಸೂಜಿಗಳು, ದಿನಕ್ಕೆ ನಾಲ್ಕಾರು ಬಾರಿ ಅಮಲು ಏರಿ ಇಳಿಯುವುದು, ಚಟವೆಂದರೆ ಇದು. ಸರಿಯಾದ ಪ್ರಮಾಣ ಕೂತ ಮೇಲೆ ಈ ಔಷಧಗಳಿಂದ ಅಮಲು ಬರುವುದಿಲ್ಲ, ಒದ್ದಾಟವೂ ಇರುವುದಿಲ್ಲ. ಆ ವ್ಯಕ್ತಿ ಕೆಲಸಕ್ಕೆ ಹೋಗುತ್ತಾನೆ, ಮಗುವಿನ ಮನೆಪಾಠ ನೋಡುತ್ತಾನೆ.

ಕುರ್ಚಿ ಹಿಡಿಯುವ ಮೂರು ರೀತಿ

ಮಿದುಳಿನಲ್ಲಿ ಓಪಿಯಾಯ್ಡ್ ಬಂದು ಕೂರುವ ಗ್ರಾಹಿಗಳನ್ನು ಕುರ್ಚಿಗಳೆಂದುಕೊಳ್ಳಿ. ಮೆಥಡೋನ್ ಕುರ್ಚಿಯಲ್ಲಿ ಕೂತು ಪೂರ್ತಿ ಕೆಲಸ ಮಾಡುತ್ತದೆ, ಹೆರಾಯಿನ್ ಮಾಡುವಷ್ಟೇ. ಆದರೆ ನಿಧಾನವಾಗಿ, ಒಂದು ದಿನಕ್ಕೂ ಹೆಚ್ಚು ಹೊತ್ತು. ಬುಪ್ರೆನಾರ್ಫಿನ್ ಕೂತು ಅರೆಬರೆ ಕೆಲಸ ಮಾಡುತ್ತದೆ, ಆದರೆ ಅದರ ಹಿಡಿತ ಬಿಗಿ. ಬೇರೆಯವರು ಕೂತಿದ್ದರೆ ಎಬ್ಬಿಸಿ ತಾನು ಕೂರುತ್ತದೆ, ಆಮೇಲೆ ಬಂದವರಿಗೆ ಜಾಗ ಬಿಡುವುದಿಲ್ಲ. ನಾಲ್ಟ್ರೆಕ್ಸೋನ್ ಕೂತು ಏನೂ ಮಾಡುವುದಿಲ್ಲ, ಯಾರನ್ನೂ ಕೂರಲು ಬಿಡುವುದೂ ಇಲ್ಲ.

ಮುಂದಿನ ವ್ಯತ್ಯಾಸಗಳೆಲ್ಲ ಹುಟ್ಟುವುದು ಇಲ್ಲಿಂದಲೇ. ಮೆಥಡೋನ್ ಪೂರ್ತಿ ಕೆಲಸ ಮಾಡುವುದರಿಂದ ಎಂಥ ತೀವ್ರ ಅವಲಂಬನೆಯನ್ನೂ ತಣಿಸಬಲ್ಲದು, ಅದೇ ಕಾರಣಕ್ಕೆ ಹೆಚ್ಚಾದರೆ ಉಸಿರನ್ನೂ ನಿಲ್ಲಿಸಬಲ್ಲದು. ಬುಪ್ರೆನಾರ್ಫಿನ್‌ನ ಪರಿಣಾಮ ಒಂದು ಮಟ್ಟಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ, ಪ್ರಮಾಣ ಹೆಚ್ಚಿಸಿದರೂ ಉಸಿರಾಟದ ಮೇಲಿನ ಒತ್ತಡ ಅದಕ್ಕೆ ತಕ್ಕಂತೆ ಏರುತ್ತಾ ಹೋಗುವುದಿಲ್ಲ. ನಾಲ್ಟ್ರೆಕ್ಸೋನ್‌ನಲ್ಲಿ ಅವಲಂಬನೆಯ ಪ್ರಶ್ನೆಯೇ ಇಲ್ಲ. ಮನೆಯವರಿಗೆ ಅದು ಹಿಡಿಸುವುದೂ ಇದಕ್ಕೇ. ಆದರೆ ಅದು ಒಳಗಿನ ಒದ್ದಾಟವನ್ನು ತಣಿಸುವುದೂ ಇಲ್ಲ.

ಮೊದಲ ಡೋಸ್‌ಗೆ ಮುನ್ನ

ಮೆಥಡೋನ್‌ಗೆ ಕಾಯಬೇಕಾಗಿಲ್ಲ. ಇಂದು ಬೆಳಿಗ್ಗೆ ಹೆರಾಯಿನ್ ಸೇವಿಸಿದವರಿಗೂ, ಮಂಪರಿನಲ್ಲಿಲ್ಲ ಎಂದು ಪರೀಕ್ಷಿಸಿ, ಸಂಜೆ ಮೆಥಡೋನ್ ಶುರು ಮಾಡಬಹುದು. ಒಂದು ರಾತ್ರಿಯನ್ನೂ ಔಷಧವಿಲ್ಲದೆ ಕಳೆಯಲಾರದವರಿಗೆ ಇದಕ್ಕಿಂತ ಸುಲಭದ ಬಾಗಿಲಿಲ್ಲ. ಅದರ ಅಪಾಯ ಇರುವುದು ಬಾಗಿಲ ಒಳಗೆ. ಮೆಥಡೋನ್ ದೇಹದಿಂದ ಹೊರಹೋಗಲು ಬಹಳ ಹೊತ್ತು ಹಿಡಿಯುತ್ತದೆ, ಒಬ್ಬೊಬ್ಬರಲ್ಲಿ ಒಂದೊಂದು ವೇಗ. ಮೊದಲ ದಿನದ 20 ಮಿಲಿಗ್ರಾಂ ಪೂರ್ತಿ ಹೋಗುವ ಮೊದಲೇ ಎರಡನೆಯ ದಿನದ್ದು ಸೇರುತ್ತದೆ, ಅದರ ಮೇಲೆ ಮೂರನೆಯ ದಿನದ್ದು. ಮೊದಲ ದಿನ ಸಾಲದೆನಿಸಿದ ಪ್ರಮಾಣವೇ ನಾಲ್ಕನೆಯ ದಿನ ಅತಿಯಾಗಬಹುದು. ಹೀಗಾಗಿ ವೈದ್ಯರು ಸಾಮಾನ್ಯವಾಗಿ 10ರಿಂದ 30 ಮಿಲಿಗ್ರಾಂನಲ್ಲಿ ಆರಂಭಿಸಿ ಹಲವು ದಿನಗಳಿಗೊಮ್ಮೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಬಹುತೇಕರಿಗೆ ಹಿತವಾಗುವ 60ರಿಂದ 120 ಮಿಲಿಗ್ರಾಂ ತಲುಪಲು ವಾರಗಳೇ ಬೇಕು. ‘ಡಾಕ್ಟರು ಕಡಿಮೆ ಕೊಟ್ಟರು’ ಎಂದು ಆ ದಿನಗಳಲ್ಲಿ ಹೊರಗಿನಿಂದ ಇನ್ನಷ್ಟು ಸೇರಿಸಿಕೊಳ್ಳುವುದು, ಮದ್ಯ ಕುಡಿಯುವುದು, ಅಲ್‌ಪ್ರಜೋಲಮ್‌ನಂಥ ನಿದ್ರೆಮಾತ್ರೆ ನುಂಗುವುದು ಜೀವಕ್ಕೇ ಎರವಾಗುತ್ತದೆ.

ಬುಪ್ರೆನಾರ್ಫಿನ್‌ಗೆ ಕಾಯಬೇಕು, ಆದರೆ ದಿನಗಟ್ಟಲೆ ಅಲ್ಲ. ಬೇರೆ ಓಪಿಯಾಯ್ಡ್ ಇನ್ನೂ ಕುರ್ಚಿಯಲ್ಲಿರುವಾಗ ಇದನ್ನು ಕೊಟ್ಟರೆ, ಪೂರ್ತಿ ಕೆಲಸ ಮಾಡುತ್ತಿದ್ದುದನ್ನು ಎಬ್ಬಿಸಿ ಅರೆ ಕೆಲಸದ್ದು ಕೂರುತ್ತದೆ. ಎರಡು ದಿನಗಳಲ್ಲಿ ಮೆಲ್ಲಗೆ ಬರಬೇಕಿದ್ದ ವಿತ್‌ಡ್ರಾವಲ್, ಅಂದರೆ ಓಪಿಯಾಯ್ಡ್ ನಿಂತಾಗ ದೇಹ ಪಡುವ ನರಳಾಟ, ಅರ್ಧ ಗಂಟೆಯಲ್ಲಿ ಒಮ್ಮೆಗೇ ಬಂದೆರಗುತ್ತದೆ: ವಾಂತಿ, ಭೇದಿ, ಮೈ ನಡುಕ, ತಡೆಯಲಾಗದ ಚಡಪಡಿಕೆ. ಒಮ್ಮೆ ಇದನ್ನು ಅನುಭವಿಸಿದವರು ಆ ಔಷಧದ ಹೆಸರೆತ್ತಿದರೂ ಬೇಡವೆನ್ನುತ್ತಾರೆ. ತಪ್ಪು ಔಷಧದ್ದಲ್ಲ, ಹೊತ್ತಿನದು. ಹೆರಾಯಿನ್‌ನಂಥ ಬೇಗ ಇಳಿಯುವ ಪದಾರ್ಥವಾದರೆ ಕೊನೆಯ ಸೇವನೆಯ ನಂತರ 12ರಿಂದ 24 ಗಂಟೆ, ಮೆಥಡೋನ್‌ನಿಂದ ಬರುವವರಾದರೆ 24ರಿಂದ 72 ಗಂಟೆ ಕಾಯಿಸುವುದು ವಾಡಿಕೆ.

ಗಡಿಯಾರಕ್ಕಿಂತ ಮೈ ಹೇಳುವುದೇ ಹೆಚ್ಚು ನಂಬಿಕೆಗೆ ಅರ್ಹ. ಅನುಭವವಿರುವ ದಾದಿ ಏನನ್ನು ನೋಡುತ್ತಾರೆ ಗಮನಿಸಿ. ಕಣ್ಣಿನ ಪಾಪೆ ಬೆಳಕಿಗೆ ತಕ್ಕಷ್ಟಿದೆಯೇ, ಅಗಲವಾಗಿದೆಯೇ? ಎದುರು ಕೂತ ಕೆಲವೇ ನಿಮಿಷಗಳಲ್ಲಿ ಎಷ್ಟು ಸಲ ಆಕಳಿಸಿದರು? ಮೂಗು ಸೋರುತ್ತಿದೆಯೇ, ಕಣ್ಣಲ್ಲಿ ನೀರಾಡುತ್ತಿದೆಯೇ? ತೋಳಿನ ಮೇಲೆ ಬೆರಳಾಡಿಸಿದರೆ ರೋಮ ಎದ್ದು ನಿಂತಿರುವುದು ಕೈಗೆ ತಾಗುತ್ತದೆಯೇ? ಚಾಚಿದ ಕೈ ನಡುಗುತ್ತದೆಯೇ, ನಾಡಿ ಓಡುತ್ತಿದೆಯೇ, ಒಂದೇ ಕಡೆ ಕೂರಲಾಗುತ್ತಿಲ್ಲವೇ? ಇಂಥ ಹನ್ನೊಂದು ಲಕ್ಷಣಗಳಿಗೆ ಅಂಕ ಕೊಡುವ ಮಾಪನವೊಂದು ಬಳಕೆಯಲ್ಲಿದೆ. ಅಂಕ ಸಾಕಷ್ಟು ಏರಿದ ಮೇಲೆ 2 ಅಥವಾ 4 ಮಿಲಿಗ್ರಾಂನಿಂದ ಶುರು. ಸರಿಯಾದ ಹೊತ್ತಿಗೆ ಕೊಟ್ಟರೆ ಗಂಟೆಯೊಳಗೆ ಆಕಳಿಕೆ ನಿಂತು ಮುಖ ಸಡಿಲಾಗುತ್ತದೆ. ಕೆಲವೇ ದಿನಗಳಲ್ಲಿ ಪೂರ್ಣ ಪ್ರಮಾಣ ತಲುಪಬಹುದು, ಮೆಥಡೋನ್‌ನಂತೆ ವಾರಗಟ್ಟಲೆ ಏರಿಸಬೇಕಾಗಿಲ್ಲ. ಹೆಚ್ಚಿನವರಿಗೆ ದಿನಕ್ಕೆ 8ರಿಂದ 24 ಮಿಲಿಗ್ರಾಂ ಸಾಕು.

ಫೆಂಟನಿಲ್ ಸೇವಿಸುತ್ತಿದ್ದವರ ವಿಷಯದಲ್ಲಿ ಈ ಗಂಟೆಗಳ ಲೆಕ್ಕ ಕೈಕೊಡಬಹುದು. ಅದು ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ. ಅವರಿಗೆ, ಕಾಯಲೇ ಆಗದವರಿಗೆ, ಮೆಥಡೋನ್‌ನಿಂದ ಬದಲಾಗುವವರಿಗೆ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಹೆಸರಿನ ವಿಧಾನವೊಂದಿದೆ: ಹಳೆಯ ಓಪಿಯಾಯ್ಡ್ ನಿಲ್ಲಿಸದೆಯೇ ಬುಪ್ರೆನಾರ್ಫಿನ್‌ನ ತೀರಾ ಸಣ್ಣ ಡೋಸ್‌ಗಳನ್ನು ಆರಂಭಿಸಿ, ದಿನದಿನಕ್ಕೆ ಏರಿಸುತ್ತಾ, ಸಾಕಷ್ಟಾದ ಮೇಲೆ ಹಳೆಯದನ್ನು ಬಿಡಿಸುವುದು. ಕಾಯುವ ಭಯದಿಂದಲೇ ಬುಪ್ರೆನಾರ್ಫಿನ್ ಬೇಡವೆನ್ನುವವರು ಈ ದಾರಿಯನ್ನು ವೈದ್ಯರಲ್ಲಿ ವಿಚಾರಿಸಿದ ಮೇಲೆ ತೀರ್ಮಾನಿಸಲಿ.

ನಾಲ್ಟ್ರೆಕ್ಸೋನ್‌ನ ಬಾಗಿಲು ಎಲ್ಲಕ್ಕಿಂತ ಕಿರಿದು. ಹೆರಾಯಿನ್‌ನಂಥದ್ದಾದರೆ ಕನಿಷ್ಠ 7ರಿಂದ 10 ದಿನ, ಮೆಥಡೋನ್ ಅಥವಾ ಬುಪ್ರೆನಾರ್ಫಿನ್‌ನಿಂದಾದರೆ ಎರಡು ವಾರದವರೆಗೆ ಯಾವ ಓಪಿಯಾಯ್ಡೂ ಇಲ್ಲದೆ ಇರಬೇಕು. ಆ ಅವಧಿಯನ್ನು ದಾಟಿಸಲು ಕ್ಲೋನಿಡಿನ್‌ನಂಥ ಔಷಧಗಳು ನೆರವಾಗುತ್ತವೆ, ಆದರೂ ಹಲವರಿಗೆ ದಾಟಲಾಗುವುದಿಲ್ಲ. 2017ರಲ್ಲಿ ಪ್ರಕಟವಾದ, ಅಮೆರಿಕದ 570 ಮಂದಿಯ ಹೋಲಿಕೆಯಲ್ಲಿ ಬುಪ್ರೆನಾರ್ಫಿನ್ ಗುಂಪಿನ ಶೇ 94ರಷ್ಟು ಜನ ಔಷಧ ಆರಂಭಿಸಿದರು; ನಾಲ್ಟ್ರೆಕ್ಸೋನ್ ಚುಚ್ಚುಮದ್ದಿನ ಗುಂಪಿನಲ್ಲಿ ಆರಂಭಿಸಲು ಸಾಧ್ಯವಾದದ್ದು ಶೇ 72ರಷ್ಟು ಜನರಿಗೆ. ಆರಂಭಿಸಿದವರನ್ನು ಮಾತ್ರ ನೋಡಿದರೆ ಎರಡರ ಫಲವೂ ಹೆಚ್ಚುಕಡಿಮೆ ಒಂದೇ. ಎಲ್ಲರನ್ನೂ ಲೆಕ್ಕಕ್ಕೆ ಹಿಡಿದರೆ 24 ವಾರಗಳಲ್ಲಿ ಮತ್ತೆ ಚಟಕ್ಕೆ ಮರಳಿದವರು ನಾಲ್ಟ್ರೆಕ್ಸೋನ್ ಕಡೆ ಶೇ 65, ಬುಪ್ರೆನಾರ್ಫಿನ್ ಕಡೆ ಶೇ 57. ಒಳಗೆ ಹೋದವರಿಗೆ ಈ ಔಷಧ ಕೆಲಸ ಮಾಡುತ್ತದೆ, ಬಹಳ ಮಂದಿ ಹೊಸ್ತಿಲಲ್ಲೇ ಉಳಿದುಬಿಡುತ್ತಾರೆ.

ದಿನನಿತ್ಯದ ಬದುಕಿನಲ್ಲಿ

ನ್ಯೂಯಾರ್ಕ್‌ನಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನಿಸ್ವಾಂಡರ್ 1965ರಲ್ಲಿ 22 ರೋಗಿಗಳ ಅನುಭವವನ್ನು ಪ್ರಕಟಿಸಿದಂದಿನಿಂದ ಮೆಥಡೋನ್‌ಗೆ ಅತ್ಯಂತ ದೀರ್ಘ ಇತಿಹಾಸವಿದೆ. ಹಾಗೆಯೇ ಅತ್ಯಂತ ಬಿಗಿಯಾದ ಕಟ್ಟುಪಾಡೂ ಅದಕ್ಕೇ. ಬಹಳ ಕಡೆ ಆರಂಭದ ತಿಂಗಳುಗಳಲ್ಲಿ ದಿನವೂ ಕೇಂದ್ರಕ್ಕೆ ಹೋಗಿ, ಸಿಬ್ಬಂದಿಯ ಎದುರೇ ದ್ರವವನ್ನು ಕುಡಿದು ಬರಬೇಕು. ಮನೆಗೆ ಒಯ್ಯುವ ಅವಕಾಶ ಆಮೇಲೆ, ಕ್ರಮೇಣ ಸಿಗುತ್ತದೆ. ಕೇಂದ್ರ ದೂರವಿದ್ದರೆ, ಪಾಳಿಯ ಕೆಲಸವಿದ್ದರೆ, ಮನೆಯಲ್ಲಿ ಎಳೆ ಮಗುವಿದ್ದರೆ ಈ ಒಂದು ನಿಯಮವೇ ಎಲ್ಲವನ್ನೂ ಕೆಡಿಸಬಹುದು. ಆದರೆ ಎಲ್ಲರಿಗೂ ಅದು ಹೊರೆಯಲ್ಲ. ಬದುಕು ಪೂರ್ತಿ ಹಳಿ ತಪ್ಪಿದವರಿಗೆ ದಿನಕ್ಕೊಂದು ಬಾರಿ ತಮ್ಮನ್ನು ಹೆಸರು ಹಿಡಿದು ಮಾತನಾಡಿಸುವ ಒಂದು ಜಾಗ ಸಿಗುವುದು ಸಣ್ಣ ಸಂಗತಿಯೇನಲ್ಲ. ಚಿಕಿತ್ಸೆಯಲ್ಲಿ ಜನರನ್ನು ಉಳಿಸಿಕೊಳ್ಳುವುದರಲ್ಲಿ ಬುಪ್ರೆನಾರ್ಫಿನ್‌ಗಿಂತ ಮೆಥಡೋನ್ ಒಂದು ಕೈ ಮೇಲು ಎಂದು ಹೋಲಿಕೆಯ ಅಧ್ಯಯನಗಳು ತೋರಿಸಿವೆ.

ಬುಪ್ರೆನಾರ್ಫಿನ್ ಮನೆಗೆ ಬರುವ ಔಷಧ. ಫ್ರಾನ್ಸ್ 1996ರಲ್ಲಿ ಇದನ್ನು ಸಾಮಾನ್ಯ ವೈದ್ಯರೇ ಬರೆದುಕೊಡಲು ಬಿಟ್ಟಿತು. 1999ರ ಹೊತ್ತಿಗೆ ಅಲ್ಲಿ ಓವರ್‌ಡೋಸ್ ಸಾವುಗಳು 1995ಕ್ಕೆ ಹೋಲಿಸಿದರೆ ಐದರಲ್ಲಿ ಸುಮಾರು ನಾಲ್ಕು ಪಾಲು ಇಳಿದಿದ್ದವು. ಅಮೆರಿಕವೂ 2022ರ ಕೊನೆಯಲ್ಲಿ ಮಾಡಿದ ಕಾನೂನಿನ ಮೂಲಕ ವೈದ್ಯರು ಇದಕ್ಕೆಂದೇ ಪಡೆಯಬೇಕಿದ್ದ ವಿಶೇಷ ಪರವಾನಗಿಯನ್ನು ತೆಗೆದುಹಾಕಿತು.

ಇದನ್ನು ನುಂಗುವುದಲ್ಲ, ನಾಲಿಗೆಯಡಿ ಇಡುವುದು. ಮೊದಲು ಒಂದು ಗುಟುಕು ನೀರು ಕುಡಿದು ಬಾಯಿ ಒದ್ದೆ ಮಾಡಿಕೊಳ್ಳಬೇಕು. ಒಣ ಬಾಯಲ್ಲಿ ಮಾತ್ರೆ ಕರಗದು. ಇಟ್ಟ ಮೇಲೆ ಐದು ಹತ್ತು ನಿಮಿಷ ಮಾತಿಲ್ಲ, ನೀರಿಲ್ಲ, ಸಿಗರೇಟಿಲ್ಲ. ಕಹಿ ಜೊಲ್ಲು ತುಂಬಿಕೊಂಡರೂ ಬೇಗನೆ ನುಂಗಬಾರದು, ಏಕೆಂದರೆ ಹೊಟ್ಟೆಗೆ ಹೋದದ್ದರಲ್ಲಿ ಹೆಚ್ಚಿನ ಪಾಲನ್ನು ಯಕೃತ್ತು ರಕ್ತಕ್ಕೆ ಸೇರುವ ಮೊದಲೇ ಮುಗಿಸಿಬಿಡುತ್ತದೆ. ‘ನನಗೆ ಈ ಔಷಧ ಹಿಡಿಯುತ್ತಿಲ್ಲ’ ಎಂದು ಬರುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ, ಹೇಗೆ ಇಟ್ಟುಕೊಳ್ಳುತ್ತೀರಿ ಎಂಬುದೇ. ಪೂರ್ತಿ ಕರಗಿದ ಮೇಲೆ ನೀರು ಮುಕ್ಕಳಿಸಿ ನುಂಗಬೇಕು, ಹಲ್ಲುಜ್ಜುವುದಾದರೆ ಒಂದು ಗಂಟೆ ಬಿಟ್ಟು. ಬಾಯಲ್ಲಿ ಕರಗುವ ಬುಪ್ರೆನಾರ್ಫಿನ್‌ನಿಂದ ಹಲ್ಲು ಹುಳುಕಾಗುವ, ಸೋಂಕು ತಗಲುವ ಪ್ರಕರಣಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2022ರಲ್ಲಿ ಎಚ್ಚರಿಸಿತು. ಔಷಧ ಬಿಡಲು ಅದು ಕಾರಣವಲ್ಲ, ದಂತವೈದ್ಯರನ್ನು ಕಾಣಲು ಕಾರಣ.

ಇದರ ಜೊತೆ ನಲಾಕ್ಸೋನ್ (ಓಪಿಯಾಯ್ಡ್‌ನ ಪರಿಣಾಮವನ್ನು ತಡೆಯುವ ಔಷಧ) ಬೆರೆಸಿದ ಮಾತ್ರೆಗಳೇ ಹೆಚ್ಚಾಗಿ ಬಳಕೆಯಲ್ಲಿವೆ, ನಾಲ್ಕು ಪಾಲಿಗೆ ಒಂದು ಪಾಲಿನಂತೆ. ನಾಲಿಗೆಯಡಿ ಇಟ್ಟಾಗ ನಲಾಕ್ಸೋನ್ ಹೆಚ್ಚೇನೂ ರಕ್ತಕ್ಕೆ ಸೇರುವುದಿಲ್ಲ. ಯಾರಾದರೂ ಪುಡಿ ಮಾಡಿ ಚುಚ್ಚಿಕೊಂಡರೆ ಮಾತ್ರ ಅದು ಅಡ್ಡ ಬರುತ್ತದೆ. ಬೇಗ ಶುರು ಮಾಡಿದಾಗ ಬರುವ ಆ ಭೀಕರ ವಿತ್‌ಡ್ರಾವಲ್‌ಗೆ ಈ ನಲಾಕ್ಸೋನೇ ಕಾರಣವೆಂದು ಬಹಳ ಮಂದಿ ನಂಬಿದ್ದಾರೆ. ಅಲ್ಲ, ಅದು ಬುಪ್ರೆನಾರ್ಫಿನ್‌ನದೇ ಕೆಲಸ. ನಲಾಕ್ಸೋನ್ ಇಲ್ಲದ ಮಾತ್ರೆಯಾದರೆ ಕಾಯಬೇಕಿಲ್ಲ ಎಂದುಕೊಂಡವರು ಪಾಡು ಪಡುತ್ತಾರೆ.

ಬುಪ್ರೆನಾರ್ಫಿನ್‌ನ ಚುಚ್ಚುಮದ್ದು ಚರ್ಮದಡಿ ಹಾಕುವಂಥದ್ದು, ವಾರಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ. ಸಿಗುವ ಕಡೆಗಳಲ್ಲಿ ಇದು ಆಟವನ್ನೇ ಬದಲಿಸುತ್ತದೆ. ದಿನವೂ ಮಾತ್ರೆ ನೆನಪಿಡಬೇಕಿಲ್ಲ, ಯಾರೂ ಕದಿಯಲಾರರು, ‘ಇವತ್ತೊಂದು ದಿನ ಬಿಟ್ಟು ನೋಡೋಣ’ ಎಂಬ ಲೆಕ್ಕಾಚಾರಕ್ಕೂ ಎಡೆಯಿಲ್ಲ. ಪ್ರಯಾಣ ಹೆಚ್ಚಿರುವವರಿಗೆ, ಸೇವಿಸುತ್ತಿರುವುದು ಯಾರಿಗೂ ತಿಳಿಯಬಾರದು ಎನ್ನುವವರಿಗೆ ಇದನ್ನೇ ಮೊದಲು ವಿಚಾರಿಸಲು ಹೇಳುತ್ತೇನೆ. ಇದನ್ನು ಹಾಕಬೇಕಾದವರು ವೈದ್ಯ ಸಿಬ್ಬಂದಿ ಮಾತ್ರ. ದೇಹದೊಳಗೆ ಹೋದ ಕೂಡಲೇ ಗಟ್ಟಿಯಾಗುವ ಬಗೆಗಳಿರುವುದರಿಂದ ರಕ್ತನಾಳಕ್ಕೆ ಚುಚ್ಚಿದರೆ ಪ್ರಾಣಾಪಾಯ.

ನಾಲ್ಟ್ರೆಕ್ಸೋನ್ ಎರಡು ರೂಪದಲ್ಲಿದೆ. ದಿನಕ್ಕೆ 50 ಮಿಲಿಗ್ರಾಂನ ಮಾತ್ರೆಯ ಬಗ್ಗೆ ನನಗೆ ಭರವಸೆ ಕಡಿಮೆ. ಬೆಳಿಗ್ಗೆ ಮಾತ್ರೆ ತಪ್ಪಿಸಿದರೆ ಯಾವ ಸಂಕಟವೂ ಆಗುವುದಿಲ್ಲ, ಹಾಗಾಗಿ ತಪ್ಪಿಸುವುದು ಬಹಳ ಸುಲಭ. ಎದುರಿಗೆ ನಿಂತು ನುಂಗಿಸುವವರಿದ್ದರೆ, ಕೆಲಸದ ಪರವಾನಗಿ ಉಳಿಸಿಕೊಳ್ಳಬೇಕಾದ ವೈದ್ಯ, ದಾದಿಯರಂಥವರಾದರೆ ಅದು ನಡೆದೀತು. ನಾಲ್ಕು ವಾರಕ್ಕೊಮ್ಮೆ ಪೃಷ್ಠದ ಸ್ನಾಯುವಿಗೆ ಹಾಕುವ 380 ಮಿಲಿಗ್ರಾಂನ ಚುಚ್ಚುಮದ್ದು ಬೇರೆಯೇ ಮಾತು. ಅಮೆರಿಕದಲ್ಲಿ 2010ರಿಂದ ಓಪಿಯಾಯ್ಡ್ ಅವಲಂಬನೆಗೆ ಅದಕ್ಕೆ ಅನುಮತಿ ಇದೆ. ಈಗಾಗಲೇ ಕೆಲವು ವಾರಗಳಿಂದ ಬಿಟ್ಟಿರುವವರಿಗೆ, ಓಪಿಯಾಯ್ಡ್ ಇರುವ ಔಷಧವನ್ನು ಮುಟ್ಟಲಾಗದ ಉದ್ಯೋಗದಲ್ಲಿರುವವರಿಗೆ, ಜೊತೆಗೆ ಕುಡಿತದ ಸಮಸ್ಯೆಯೂ ಇರುವವರಿಗೆ ಇದು ಹೊಂದುತ್ತದೆ. ಮದ್ಯದ ಅವಲಂಬನೆಗೂ ಇದು ಅಂಗೀಕೃತ ಔಷಧವೇ.

ಹೃದಯ, ಯಕೃತ್ತು, ಉಳಿದ ಮಾತ್ರೆಗಳು

ಬೇರೆ ಕಾಯಿಲೆ ಇರುವವರಿಗೆ ಆಯ್ಕೆ ಇಲ್ಲೇ ಮುಗಿಯಬಹುದು. ಮೆಥಡೋನ್ ಹೃದಯದ ವಿದ್ಯುತ್ ಲಯವನ್ನು ಏರುಪೇರು ಮಾಡಬಲ್ಲದು. ಮನೆತನದಲ್ಲಿ ಹಠಾತ್ ಸಾವು ಸಂಭವಿಸಿದ್ದರೆ, ಮೂರ್ಛೆ ಬಂದದ್ದಿದ್ದರೆ, ಲಯದ ಮೇಲೆ ಪರಿಣಾಮ ಬೀರುವ ಬೇರೆ ಔಷಧಗಳಿದ್ದರೆ ಇಸಿಜಿ ಮಾಡಿಸದೆ ಮುಂದುವರಿಯಬಾರದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಅಪಸ್ಮಾರದ ಫೆನಿಟೋಯಿನ್ ಮತ್ತು ಕಾರ್ಬಮಜೆಪಿನ್, ಎಚ್‌ಐವಿಯ ಎಫಾವಿರೆಂಜ್, ಇವು ಮೆಥಡೋನ್ ಅನ್ನು ಬೇಗ ಕರಗಿಸಿಬಿಡುತ್ತವೆ. ಕ್ಷಯದ ಮಾತ್ರೆ ಶುರುವಾದ ವಾರ ಹತ್ತು ದಿನಕ್ಕೆ ಒಬ್ಬರಿಗೆ ಮೈಕೈ ನೋವು, ಬೆವರು, ನಿದ್ರೆಗೆಟ್ಟ ರಾತ್ರಿಗಳು ಆರಂಭವಾದರೆ ಅದು ನಾಟಕವಲ್ಲ, ಮೆಥಡೋನ್ ಸಾಲದಾಗಿದೆ. ಆ ಮಾತ್ರೆಯ ಕೋರ್ಸ್ ಮುಗಿದಾಗ ಏರಿಸಿದ್ದನ್ನು ಇಳಿಸುವುದೂ ಅಷ್ಟೇ ಮುಖ್ಯ. ಬುಪ್ರೆನಾರ್ಫಿನ್ ಈ ವಿಷಯಗಳಲ್ಲಿ ಸಾಮಾನ್ಯವಾಗಿ ಹೆಚ್ಚು ಸಾಧು, ಆದರೂ ರಿಫಾಂಪಿಸಿನ್ ಅದನ್ನೂ ಕಡಿಮೆ ಮಾಡುತ್ತದೆ. ಯಕೃತ್ತು ತೀವ್ರವಾಗಿ ಹಾಳಾಗಿದ್ದರೆ ನಾಲ್ಟ್ರೆಕ್ಸೋನ್ ಬೇಡ.

ಮಲಬದ್ಧತೆ, ಬೆವರು, ಲೈಂಗಿಕ ಆಸಕ್ತಿ ಕುಗ್ಗುವುದು ಮೊದಲೆರಡರಲ್ಲೂ ಉಂಟು, ಮೆಥಡೋನ್‌ನಲ್ಲಿ ಹೆಚ್ಚು. ಯಾರೂ ಬಾಯಿಬಿಟ್ಟು ಹೇಳದ ಕೊನೆಯದರಿಂದಲೇ ಹಲವರು ಔಷಧ ಬಿಡುತ್ತಾರೆ; ಕೇಳಿದರೆ ಪರಿಹಾರವಿದೆ.

ನೋವಿನ ಕಾಯಿಲೆಯೂ ಜೊತೆಗಿದ್ದರೆ ನಾಲ್ಟ್ರೆಕ್ಸೋನ್ ಕೈಬಿಡಿ. ಅಪಘಾತವೋ ಶಸ್ತ್ರಚಿಕಿತ್ಸೆಯೋ ಆದಾಗ ಮಾರ್ಫಿನ್ ಸಹ ಕೆಲಸ ಮಾಡದು. ಚುಚ್ಚುಮದ್ದು ಪಡೆದವರು ಆ ವಿವರವಿರುವ ಚೀಟಿಯೊಂದನ್ನು ಜೇಬಿನಲ್ಲಿಟ್ಟುಕೊಂಡಿರುವುದು ಅಗತ್ಯ. ಮೆಥಡೋನ್ ಮತ್ತು ಬುಪ್ರೆನಾರ್ಫಿನ್ ಸ್ವತಃ ನೋವು ನಿವಾರಕಗಳು. ದಿನದ ಡೋಸನ್ನು ಹಂಚಿ ಎರಡು ಮೂರು ಬಾರಿ ಕೊಟ್ಟರೆ ನೋವಿಗೂ ಆಗುತ್ತದೆ, ಶಸ್ತ್ರಚಿಕಿತ್ಸೆಗೆಂದು ಅವನ್ನು ನಿಲ್ಲಿಸುವ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ.

ಬಸಿರಿನಲ್ಲಿ

ಗರ್ಭಿಣಿಯೆಂದು ತಿಳಿದ ಕೂಡಲೇ ಎಲ್ಲವನ್ನೂ ನಿಲ್ಲಿಸಬೇಕೆಂಬ ಸಲಹೆ ಸುತ್ತಲಿನಿಂದ ಬರುತ್ತದೆ. ಅದು ತಪ್ಪು ಸಲಹೆ. ಮತ್ತೆ ಚಟಕ್ಕೆ ಬೀಳುವ ಸಾಧ್ಯತೆ ತಾಯಿಗೂ ಮಗುವಿಗೂ ಹೆಚ್ಚಿನ ಅಪಾಯ ತರುವುದರಿಂದ, ಮೆಥಡೋನ್ ಅಥವಾ ಬುಪ್ರೆನಾರ್ಫಿನ್ ಮುಂದುವರಿಸುವುದೇ ಅಂಗೀಕೃತ ಕ್ರಮ. 2010ರ ಹೋಲಿಕೆಯೊಂದರಲ್ಲಿ, ಹುಟ್ಟಿದ ಮಗುವಿನ ವಿತ್‌ಡ್ರಾವಲ್ ತಣಿಸಲು ಬೇಕಾದ ಮಾರ್ಫಿನ್ ಬುಪ್ರೆನಾರ್ಫಿನ್ ಕಡೆ ಶೇ 89ರಷ್ಟು ಕಡಿಮೆಯಿತ್ತು, ಆಸ್ಪತ್ರೆಯ ದಿನಗಳೂ ಕಡಿಮೆಯಿದ್ದವು. ಆದರೆ ಅದೇ ಅಧ್ಯಯನದಲ್ಲಿ ಹೆರಿಗೆಗೆ ಮುನ್ನವೇ ಔಷಧ ಬಿಟ್ಟ ತಾಯಂದಿರು ಬುಪ್ರೆನಾರ್ಫಿನ್ ಗುಂಪಿನಲ್ಲಿ ಶೇ 33, ಮೆಥಡೋನ್ ಗುಂಪಿನಲ್ಲಿ ಶೇ 18. ನಾನು ಇದನ್ನು ಓದುವುದು ಹೀಗೆ: ಹೊಸದಾಗಿ ಶುರು ಮಾಡುವವರಿಗೆ ಬುಪ್ರೆನಾರ್ಫಿನ್ ಮೊದಲು, ಈಗಾಗಲೇ ಮೆಥಡೋನ್‌ನಲ್ಲಿ ಸ್ಥಿರವಾಗಿರುವವರನ್ನು ಬದಲಿಸುವ ಗೋಜಿಗೆ ಹೋಗಬಾರದು. ತಿಂಗಳು ತುಂಬುತ್ತಾ ಬಂದಂತೆ ಮೆಥಡೋನ್ ಹೆಚ್ಚು ಬೇಕಾಗುತ್ತದೆ, ಅದರಿಂದ ಗಾಬರಿಯಾಗಬೇಕಿಲ್ಲ. ಎರಡರಲ್ಲೂ, ಬೇರೆ ತೊಡಕಿಲ್ಲದಿದ್ದರೆ, ಎದೆಹಾಲು ಕೊಡಬಹುದು, ಕೊಡುವುದು ಒಳ್ಳೆಯದು.

ನಡುವೆ ನಿಂತುಹೋದರೆ

2017ರಲ್ಲಿ ಹಲವು ದೇಶಗಳ ದಾಖಲೆಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯ ಪ್ರಕಾರ, ವರ್ಷಕ್ಕೆ ಸಾವಿರ ಮಂದಿಯಲ್ಲಿ ಮೆಥಡೋನ್ ಚಿಕಿತ್ಸೆಯಲ್ಲಿದ್ದಾಗ ಸತ್ತವರು 11.3, ಚಿಕಿತ್ಸೆಯಿಂದ ಹೊರಗಿದ್ದಾಗ 36.1. ಬುಪ್ರೆನಾರ್ಫಿನ್‌ಗೆ ಇದೇ ಅಂಕಿ 4.3 ಮತ್ತು 9.5. ಇದನ್ನು ಹಿಡಿದು ಬುಪ್ರೆನಾರ್ಫಿನ್ ಮೂರು ಪಟ್ಟು ಕ್ಷೇಮವೆಂದು ಗುಣಿಸಬಾರದು, ಏಕೆಂದರೆ ಎರಡನ್ನೂ ಪಡೆದ ಜನ ಬೇರೆ ಬೇರೆ. ನೋಡಬೇಕಾದದ್ದು ಒಂದೇ ಔಷಧದ ಒಳಗಿನ ಮತ್ತು ಹೊರಗಿನ ಅಂತರವನ್ನು. ಆ ಅಂತರವೇ ನನ್ನ ಅಳತೆಗೋಲು. ಯಾವ ಔಷಧದಲ್ಲಿ ನೀವು ಮುಂದಿನ ವರ್ಷವೂ ಇರುತ್ತೀರೋ ಅದೇ ನಿಮ್ಮ ಔಷಧ. ಎಷ್ಟು ವರ್ಷ ಎಂಬುದಕ್ಕೆ ಮೇಲ್ಮಿತಿಯಿಲ್ಲ, ‘ಆರು ತಿಂಗಳಾಯಿತು, ಇನ್ನೂ ಬಿಡಲಿಲ್ಲವೇ’ ಎನ್ನುವ ನೆಂಟರಿಗೆ ಉತ್ತರ ಕೊಡಬೇಕಾಗಿಯೂ ಇಲ್ಲ. ಆಪ್ತಸಲಹೆ ಸಿಕ್ಕರೆ ಒಳ್ಳೆಯದೇ. ಸಿಗದ್ದಕ್ಕೆ, ರೋಗಿ ಒಪ್ಪದ್ದಕ್ಕೆ ಔಷಧವನ್ನೇ ತಡೆಹಿಡಿಯುವುದು ಮಾತ್ರ ಸಲ್ಲದು.

ಹಾಗಿದ್ದೂ ಡೋಸ್ ತಪ್ಪುತ್ತದೆ. ಮೆಥಡೋನ್ ಮೂರು ದಿನ ಸತತ ತಪ್ಪಿದರೆ ನಾಲ್ಕನೆಯ ದಿನ ಹಳೆಯ ಪ್ರಮಾಣ ಕುಡಿಯಬೇಡಿ; ಕೇಂದ್ರದಲ್ಲಿ ಹೇಳಿ, ಮತ್ತೆ ಪರೀಕ್ಷಿಸಿ ಕಡಿಮೆಯಿಂದ ಆರಂಭಿಸುತ್ತಾರೆ. ಬುಪ್ರೆನಾರ್ಫಿನ್ ಬಿಟ್ಟು ನಡುವೆ ಹೆರಾಯಿನ್ ಸೇವಿಸಿದ್ದರೆ ಮೊದಲಿನಂತೆಯೇ ಕಾದು ಶುರು ಮಾಡಬೇಕು. ನಾಲ್ಟ್ರೆಕ್ಸೋನ್ ಚುಚ್ಚುಮದ್ದು ತಪ್ಪಿಸಿದವರ ಸ್ಥಿತಿ ಎಲ್ಲಕ್ಕಿಂತ ನಾಜೂಕು. ತಿಂಗಳ ಕೊನೆಗೆ ತಡೆ ಸಡಿಲಾಗುತ್ತದೆ, ತಾಳಿಕೆ ಎಂದೋ ಹೋಗಿರುತ್ತದೆ. ತಡೆಯನ್ನು ಮೀರಲೆಂದು ಹೆಚ್ಚು ಸೇವಿಸುವವರೂ ಇದ್ದಾರೆ. ಅದು ಇನ್ನೂ ಅಪಾಯ.

ಮೂರರಲ್ಲಿ ಯಾವುದನ್ನು ಆರಿಸಿದರೂ ಮನೆಯಲ್ಲಿ ನಲಾಕ್ಸೋನ್ ಸ್ಪ್ರೇ ಅಥವಾ ಚುಚ್ಚುಮದ್ದು ಇರಲಿ, ಅದು ಎಲ್ಲಿದೆಯೆಂದು ಮನೆಮಂದಿಗೆಲ್ಲ ತಿಳಿದಿರಲಿ. ತುಟಿ ನೀಲಿಗಟ್ಟಿ, ಉಸಿರು ನಿಧಾನವಾಗಿ, ಕರೆದರೆ ಏಳದಿದ್ದರೆ ಕೊಟ್ಟು ಆಂಬುಲೆನ್ಸ್ ಕರೆಯಬೇಕು. ಅದರ ಪ್ರಭಾವ ಇರುವುದು 30ರಿಂದ 90 ನಿಮಿಷ ಮಾತ್ರ. ಮೆಥಡೋನ್ ಅದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಇರುತ್ತದೆ, ಆದ್ದರಿಂದ ಎದ್ದು ಕೂತರೆಂದು ಆಸ್ಪತ್ರೆಗೆ ಹೋಗುವುದನ್ನು ಬಿಡಬಾರದು. ಮನೆಗೆ ತಂದ ಮೆಥಡೋನ್, ಬುಪ್ರೆನಾರ್ಫಿನ್ ಎರಡನ್ನೂ ಬೀಗ ಹಾಕಿಡಿ. ದೊಡ್ಡವರ ಒಂದು ಡೋಸ್ ಸಣ್ಣ ಮಗುವನ್ನು ಕೊಲ್ಲಬಲ್ಲದು.

ಮೊದಲ ಆಯ್ಕೆ ಕೊನೆಯ ಆಯ್ಕೆಯಾಗಬೇಕಿಲ್ಲ. ಬಹುತೇಕರಿಗೆ ನಾನು ಬುಪ್ರೆನಾರ್ಫಿನ್‌ನಿಂದ ಶುರು ಮಾಡಿ ಎನ್ನುತ್ತೇನೆ. ಅದರಲ್ಲಿ ಪೂರ್ತಿ ಪ್ರಮಾಣ ತಲುಪಿಯೂ ಹಂಬಲ ತಣಿಯದಿದ್ದರೆ ಮೆಥಡೋನ್‌ಗೆ ಹೋಗುವುದು ಸಲೀಸು, ಮರುದಿನವೇ ಆರಂಭಿಸಬಹುದು. ತಿರುಗಿ ಬರುವುದು ಅಷ್ಟು ಸಲೀಸಲ್ಲ: ಮೆಥಡೋನ್ ಅನ್ನು ಸಾಮಾನ್ಯವಾಗಿ 30 ಮಿಲಿಗ್ರಾಂ ಆಸುಪಾಸಿಗೆ ಇಳಿಸಿ, ಆಮೇಲೆ ಕಾದು ಬುಪ್ರೆನಾರ್ಫಿನ್ ಕೊಡಬೇಕು, ಇಲ್ಲವೇ ಬರ್ನ್ ವಿಧಾನ ಹಿಡಿಯಬೇಕು. ಎರಡರಿಂದಲೂ ನಾಲ್ಟ್ರೆಕ್ಸೋನ್‌ಗೆ ಹೋಗುವವರು ಬದುಕು ಸ್ಥಿರವಾಗಿ, ಔಷಧವನ್ನು ಬಹಳ ನಿಧಾನವಾಗಿ ಇಳಿಸಿಕೊಂಡ ಮೇಲೆ ಹೋಗಲಿ. ನಾಲ್ಟ್ರೆಕ್ಸೋನ್‌ನಿಂದ ಮೆಥಡೋನ್ ಅಥವಾ ಬುಪ್ರೆನಾರ್ಫಿನ್‌ಗೆ ಮರಳುವವರು ಮಾತ್ರೆಯಾದರೆ ಒಂದು ದಿನ, ಚುಚ್ಚುಮದ್ದಾದರೆ ಕೊನೆಯದನ್ನು ಪಡೆದು ಸುಮಾರು ನಾಲ್ಕು ವಾರ ಕಳೆದ ನಂತರ ಕಡಿಮೆ ಪ್ರಮಾಣದಿಂದ ಆರಂಭಿಸುತ್ತಾರೆ, ತಾಳಿಕೆ ಇಲ್ಲದ ಹೊಸಬರೆಂದೇ ಎಣಿಸಿ.